ಜೇನುಪೆಟ್ಟಿಗೆಗಳನ್ನು ಇರಿಸುವ ಕ್ರಮ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಮಧುವನಹಳ್ಳಿಯಲ್ಲಿ ಮನೆಮಾಡಿಕೊಂಡಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳುಗಳ ಕೆಳಗೆ ನನಗೊಂದು ಕಾಗದವನ್ನು ಬರೆದಳು. ಹಿತ್ತಿಲಿನಲ್ಲಿ ನಾಲ್ಕು ಜೇನುಪೆಟ್ಟಿಗೆಗಳನ್ನು ಇಡಬೇಕೆಂದಿರುವುದಾಗಿಯೂ, ಸ್ಥಳವು ಇಕ್ಕಟ್ಟಾದುದರಿಂದ ಅವನ್ನು ಗೋಡೆಯ ಉದ್ದಕ್ಕೆ ಒತ್ತಾಗಿ ಜೋಡಿಸಿದರೆ ಆದೀತೇ ಎಂದೂ ಕೇಳಿದ್ದಳು. ಊರಿನ ಹೆಸರಿನಲ್ಲಿಯೇ ಮಧುವಿರುವಾಗ ಈ ಪ್ರಶ್ನೆಯು ಅಲ್ಲಿಂದ ಬಂದುದು ತಕ್ಕದ್ದೇ ಸರಿ. ಅವಳೊಬ್ಬಳಿಗೆ ಬರೆಯಬೇಕಾದ ಉತ್ತರವು ನಿಮ್ಮಲ್ಲಿ ಅನೇಕರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇನೆ. ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುವುದು ಮೇಲು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ತೋಟದಲ್ಲಿ ಆರು ತುಡುವೆ ಪೆಟ್ಟಿಗೆಗಳನ್ನು ಇರಿಸಿದೆವು. ಬೆಳಗಿನ ಪ್ರಾರ್ಥನೆಗೆ ಬಾಲಿಕೆಯರನ್ನು ಸಾಲಾಗಿ ನಿಲ್ಲಿಸಿ ರೂಢಿಯಾದ ನಾನು ಪೆಟ್ಟಿಗೆಗಳನ್ನೂ ಹಾಗೆಯೇ ಒಂದೇ ಗೆರೆಯಲ್ಲಿ, ಗೇಣುದ್ದದ ಅಂತರದಲ್ಲಿ, ಒಂದೇ ಬಿಳಿಯ ಬಣ್ಣವನ್ನು ಬಳಿಯಿಸಿ ನಿಲ್ಲಿಸಿದೆನು. ನೋಡುವುದಕ್ಕೆ ಬಹು ಚೆನ್ನಾಗಿತ್ತು. ಎರಡು ತಿಂಗಳಾಗುವಷ್ಟರಲ್ಲಿ ನಡುವಿನ ಪೆಟ್ಟಿಗೆಗಳು ತೆಳುವಾಗುತ್ತಲೂ ಎರಡು ಕೊನೆಗಳಲ್ಲಿದ್ದವು ತುಂಬುತ್ತಲೂ ಬಂದವು. ನಡುವಿನದೊಂದರಲ್ಲಿ ಹೊಸದಾಗಿ ಹುಟ್ಟಿದ ರಾಣಿಯು ಒಂದು ದಿನ ಹೊರಕ್ಕೆ ಹಾರಿಹೋದವಳು ತನ್ನ ಮನೆಗೆ ಮರಳಲಿಲ್ಲ. ಆ ಕುಟುಂಬವು ನಮ್ಮ ಕಣ್ಣೆದುರಿಗೇ ಅಳಿದುಹೋಯಿತು.

ಕಾರಣವೇನೆಂದರೆ, ಜೇನುನೊಣವು ತನ್ನ ಮನೆಯನ್ನು ಮುಖ್ಯವಾಗಿ ಅದಿರುವ ಸ್ಥಳದಿಂದ ತಿಳಿಯುವುದು. ಎಳೆಯ ನೊಣಗಳು ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಬಂದು, ಬಾಗಿಲಿಗೆ ಮುಖಮಾಡಿಕೊಂಡು, ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾ ಹಾರುವುದನ್ನು ನೀವು ನೋಡಿರಬಹುದು. ಆಗ ಅವು ಹತ್ತಿರದ ಮರ, ಗೋಡೆ, ಕಲ್ಲು ಇವುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರುವುವು. ಪೆಟ್ಟಿಗೆಯನ್ನು ಹಗಲಿನಲ್ಲಿ ಐದಾರು ಅಡಿ ಸರಿಸಿ ನೋಡಿರಿ. ಹೊಲದಿಂದ ಬಂದ ನೊಣಗಳು ಮೊದಲಿನ ಬರಿಯ ಸ್ಥಳದಲ್ಲಿಯೇ ಸುತ್ತುತ್ತಿರುವುವು. ಹೀಗಿರುವಲ್ಲಿ ಒಂದೇ ರೂಪಿನ ಆರು ಮನೆಗಳು ಒತ್ತಾಗಿದ್ದರೆ ಅವು ತಪ್ಪುವುದರಲ್ಲಿ ಆಶ್ಚರ್ಯವೇನು?

ಮಕರಂದವನ್ನು ಹೊತ್ತ ಕೆಲಸಗಾರ ನೊಣವು ನೆರೆಮನೆಯನ್ನು ಹೊಕ್ಕರೆ ಕಾವಲಿನವು ಸಾಮಾನ್ಯವಾಗಿ ತಡೆಯುವುದಿಲ್ಲ; ಹಾನಿಯು ಸ್ವಲ್ಪ. ರಾಣಿಯ ಸಂಗತಿ ಹಾಗಲ್ಲ. ಹುಟ್ಟಿದ ಕೆಲವು ದಿವಸಗಳಲ್ಲಿ ಅವಳು ಗಂಡುನೊಣಗಳೊಡನೆ ಕೂಡುವುದಕ್ಕಾಗಿ ಆಕಾಶಕ್ಕೆ ಹಾರುವಳು. ಮರಳಿ ಬರುವಾಗ ಬಾಗಿಲು ತಪ್ಪಿದರೆ ಅನ್ಯ ಕುಟುಂಬದವು ಅವಳನ್ನು ಮುತ್ತಿ ಕೊಲ್ಲುವುವು. ಅಷ್ಟು ಹೊತ್ತಿಗೆ ಸ್ವಂತ ಮನೆಯಲ್ಲಿ ಇನ್ನೊಬ್ಬ ರಾಣಿಯನ್ನು ಬೆಳೆಸಲು ತಕ್ಕ ಎಳೆಯ ಮರಿಯೂ ಉಳಿದಿರುವುದಿಲ್ಲ. ಕಡೆಗೆ ಕೆಲಸಗಾರ ನೊಣಗಳೇ ತತ್ತಿಯಿಡಲು ತೊಡಗಿದರೂ ಅವುಗಳಿಂದ ಹುಟ್ಟುವುವು ಬರಿಯ ಗಂಡುನೊಣಗಳು.

ಇದನ್ನು ಹೇಳಿದಾಗ ತಂದೆಯೊಬ್ಬರು, “ಅಮ್ಮಾ, ಬಿಳಿಗಿರಿರಂಗನ ಬೆಟ್ಟದ ಕಡೆ ಒಂದೇ ಮರಕ್ಕೆ ಹತ್ತಾರು ಹೆಜ್ಜೇನು ಕಟ್ಟಿರುತ್ತವಲ್ಲಾ, ಅವಕ್ಕೆ ಈ ತೊಂದರೆ ಯಾಕಿಲ್ಲ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸೋಲಿಗರು ಜೇನು ತೆಗೆಯುವ ಹೆಜ್ಜೇನು ಬಯಲಿನಲ್ಲಿ ಒಂದೇ ಎರಿಯನ್ನು ಕಟ್ಟುವ ಜಾತಿ. ಗುಂಪಾಗಿರುವುದು ಅದರ ಸ್ವಭಾವ. ಒಂದು ಕೊಂಬೆಯಂತೆ ಇನ್ನೊಂದು ಇರುವುದೂ ಇಲ್ಲ. ತುಡುವೆಯಾದರೋ ಮರದ ಪೊಟರೆ, ಹುತ್ತ, ಬಂಡೆಯ ಸಂದು ಇವುಗಳಲ್ಲಿ ಚದರಿ ವಾಸಿಸುವುದು. ಅದನ್ನು ಒಂದೇ ಅಚ್ಚಿನ ಪೆಟ್ಟಿಗೆಗಳಲ್ಲಿ ಹತ್ತಿರ ತಂದಿರಿಸಿದವರು ನಾವೇ.

ಆದುದರಿಂದ ಪೆಟ್ಟಿಗೆಗೂ ಪೆಟ್ಟಿಗೆಗೂ ಆರು ಅಡಿಗೆ ಕಡಿಮೆಯಿಲ್ಲದೆ, ಸಾಲಿಗೂ ಸಾಲಿಗೂ ಹತ್ತು ಅಡಿಗೆ ಕಡಿಮೆಯಿಲ್ಲದೆ ಎಡೆಬಿಡತಕ್ಕದ್ದು. ಹಿಂದಿನ ಸಾಲಿನವು ಮುಂದಿನ ಸಾಲಿನ ಸಂದುಗಳಿಗೆ ಎದುರಾಗಿರಲಿ. ಒಂದರ ಬಳಿ ದಾಸವಾಳದ ಗಿಡ, ಇನ್ನೊಂದರ ಬಳಿ ದೊಡ್ಡ ಕಲ್ಲು, ಹೀಗೆ ಗುರುತುಗಳಿದ್ದರೆ ಮತ್ತೂ ಒಳ್ಳೆಯದು. ಮುಂಭಾಗಕ್ಕೆ ಬೇರೆ ಬೇರೆ ಬಣ್ಣ ಬಳಿಯಬಹುದು. ಆದರೆ ಕೆಂಪಿನಿಂದ ಪ್ರಯೋಜನವಿಲ್ಲ. ಕಾರ್ಲ್ ಫಾನ್ ಫ್ರಿಷ್ ಎಂಬ ಪಂಡಿತರು ಬಹು ಪರೀಕ್ಷೆಗಳಿಂದ ತೋರಿಸಿದಂತೆ, ನೊಣಕ್ಕೆ ನೀಲಿಯೂ ಹಳದಿಯೂ ಬೇರೆಯಾಗಿ ಕಾಣುವುವು. ಕೆಂಪು ಕಪ್ಪಿನಂತೆ ತೋರುವುದು.

ಬಾಗಿಲು ಪೂರ್ವಕ್ಕಿದ್ದರೆ ಎಳೆಬಿಸಿಲು ಬೀಳುವುದು. ನಮ್ಮ ಸೀಮೆಯ ಆಷಾಢದ ಗಾಳಿಯು ಬೆನ್ನಿಗೆ ಹೊಡೆಯುವುದು. ಮಧ್ಯಾಹ್ನಕ್ಕೆ ಹೊಂಗೆಯ ನೆರಳು ಬೇಕು. ಇಲ್ಲವಾದರೆ ಎರಿಗಳು ಕಾದು ಜೋಲುವುವು. ಪೀಠದ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ಇರಿಸಿದರೆ ಇರುವೆ ಏರದು. ಬಾವಿಗೆ ಹೋಗುವ ದಾರಿಯ ಕಡೆಗೆ ಬಾಗಿಲು ಇರಕೂಡದು. ಇದನ್ನು ನಮ್ಮ ಅಡುಗೆಯಾಕೆ ನನಗೆ ಕಲಿಸಿದಳು, ಒಂದು ಕಣ್ಣು ಊದಿಸಿಕೊಂಡು.

ಎಡೆಯಿಲ್ಲದ ತೋಟದಲ್ಲಿ ಇನ್ನೊಂದು ಭಯವುಂಟು. ಹೂವಿಲ್ಲದ ದಿನಗಳಲ್ಲಿ ಬಲವಾದ ಕುಟುಂಬವು ನೆರೆಯ ಬಲಹೀನವಾದುದನ್ನು ಸುಲಿಯುವುದು. ಹೀಗೆ ಸುಲಿಯುವ, ದಾರಿತಪ್ಪುವ ನೊಣಗಳೊಡನೆ ರೋಗವೂ ಮನೆಯಿಂದ ಮನೆಗೆ ಹೋಗುವುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಹುಳುಗಳ ರೋಗವು ಕರ್ನಾಟಕಕ್ಕೆ ತಗಲಿ, ಸಾಕಿದ ತುಡುವೆಗಳ ಬಹುಪಾಲನ್ನು ನಾಶಮಾಡಿತು. ಅಂತರವೊಂದೇ ಅದನ್ನು ತಡೆಯುತ್ತಿತ್ತೆಂದು ಹೇಳಲಾರೆ, ಒತ್ತಾಗಿಟ್ಟರೆ ಸಹಾಯಮಾಡಿದಂತಾಗುವುದು.

ಹೊರಗೆ ಆರು ಅಡಿ ಬೇಡುವ ಈ ನೊಣವು ಪೆಟ್ಟಿಗೆಯ ಒಳಗೆ ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟೇ ಸಂದನ್ನು ಬಯಸುವುದು ವಿನೋದವಲ್ಲವೇ? ಅದಕ್ಕಿಂತ ಹೆಚ್ಚಾದರೆ ಎರಿ ಕಟ್ಟುವುದು, ಕಡಿಮೆಯಾದರೆ ಅಂಟಿನಿಂದ ಮುಚ್ಚುವುದು. 1851ರಲ್ಲಿ ಈ ಅಳತೆಯನ್ನು ಪೆಟ್ಟಿಗೆಗೆ ಅನ್ವಯಿಸಿದ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಸಭಾಪಾಲಕರು. ಬಾಲಿಕೆಯರ ಪಾಠಶಾಲೆಯನ್ನು ನಡೆಸಿದವರೆಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ನಮ್ಮ ತುಡುವೆಗೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು ಮಾಡಿಕೊಟ್ಟವರು ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್.

ನಮ್ಮ ಉಳಿದ ಐದು ಪೆಟ್ಟಿಗೆಗಳನ್ನು ರಾತ್ರಿಯ ಹೊತ್ತು, ದಿನಕ್ಕೆ ಒಂದು ಅಡಿಗಿಂತ ಹೆಚ್ಚಿಲ್ಲದಂತೆ ಸರಿಸುತ್ತಾ ದೂರಮಾಡಿದೆವು. ಹತ್ತನೆಯ ತರಗತಿಯವರು ಅಳತೆಯ ಪುಸ್ತಕವನ್ನೇ ಇಟ್ಟಿದ್ದರು. ಈಗ ತೋಟವು ನೋಡುವುದಕ್ಕೆ ಅಷ್ಟು ಅಂದವಾಗಿಲ್ಲ. ಮಧುವನಹಳ್ಳಿಯವಳಿಗೆ, ನಾಲ್ಕನ್ನು ಬಿಟ್ಟು ಎರಡನ್ನೇ ಇರಿಸು, ಒಂದನ್ನು ಗೋಡೆಯ ಬಳಿಯೂ ಇನ್ನೊಂದನ್ನು ನುಗ್ಗೆಮರದ ಕೆಳಗೂ ಎಂದು ಬರೆದೆನು. ಮೂರನೆಯದಕ್ಕೆ ಅತ್ತೆಯ ಹಿತ್ತಿಲನ್ನು ಕೇಳಿಕೊಂಡಿರುವಳಂತೆ.