ಮದ್ದು ಸರಿ, ನೋಝಲ್ ಸರಿಯೇ?

2018ರ ಮಳೆಗಾಲ ನೆನಪಿದೆಯಲ್ಲ? ಆ ವರ್ಷ ಎರಡು ಸಲ ಬೋರ್ಡೋ ಬಿಟ್ಟೂ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂತು. ಮರದಡಿ ತುಂಬ ಕೊಳೆತ ನಳ್ಳಿ. ನಾನು ಮೊದಲು ದೂರಿದ್ದು ಸುಣ್ಣವನ್ನು, ಮತ್ತೆ ಮರ ಹತ್ತುವವನನ್ನು. "ನೀನು ಅರ್ಧಂಬರ್ಧ ಬಿಟ್ಟಿದ್ದಿ" ಎಂದೆ. ಅವನು ಸಿಟ್ಟಾಗಲಿಲ್ಲ. "ಅಣ್ಣೇರೇ, ನೋಝಲ್ ಒಮ್ಮೆ ನೋಡಿ. ಹೊಗೆಯ ಹಾಗೆ ಬರ್ಬೇಕಾದ್ದು ದಪ್ಪ ಮಳೆಹನಿಯ ಹಾಗೆ ಬರ್ತದೆ" ಎಂದ.

ಹೊಸ ನೋಝಲ್ ತಂದೆ. ಒಂದೇ ಪಂಪು, ಒಂದೇ ಒತ್ತಡ; ಎರಡರಿಂದಲೂ ಒಂದೊಂದು ನಿಮಿಷ ಬಕೆಟಿಗೆ ನೀರು ಹಿಡಿದು ಅಳೆದೆ. ಹಳೆಯದರಲ್ಲಿ ಸುಮಾರು ಕಾಲುಪಾಲು ಹೆಚ್ಚು! ಸುಣ್ಣದ ಕಣಗಳು ಅರದ ಹಾಗೆ ಹಿತ್ತಾಳೆಯನ್ನು ತಿಂದಿದ್ದವು. ತೂತಿನ ಅಡ್ಡಳತೆ ಶೇ. 10 ಹಿಗ್ಗಿದರೆ ಸಾಕು, ದ್ರಾವಣ ಸುಮಾರು ಶೇ. 21 ಹೆಚ್ಚು ಹೋಗುತ್ತದೆ. ಹೆಚ್ಚು ಹೋದರೆ ಒಳ್ಳೆಯದೇ ಅಲ್ವಾ ಎನ್ನಬೇಡಿ. ಹನಿ ದಪ್ಪವಾದರೆ ಕಾಯಿಯಲ್ಲಿ ನಿಲ್ಲದೆ ಉರುಳಿ ಬುಡಕ್ಕೆ ಬೀಳುತ್ತದೆ. ಬೋರ್ಡೋ ಬಂದ ರೋಗ ಗುಣಮಾಡುವ ಮದ್ದಲ್ಲ. ಅದರ ಪೊರೆ ಕೂತಲ್ಲಿ ಮಾತ್ರ ರಕ್ಷಣೆ.

ಇನ್ನು ಕೋನದ ವಿಷಯ. ನಮ್ಮ ಕೋಲಿನ ತುದಿಯಲ್ಲಿ ನೋಝಲ್ ನೇರವಾಗಿತ್ತು. ಮರುವರ್ಷ ಮಳೆಗೆ ಮೊದಲು ಮದ್ದು ಬಿಡುವಾಗ, ಹೋದರೆ ಹೋಗಲಿ ಎಂದು ಒಂದು ಗೊನೆ ಇಳಿಸಿ ನೋಡಿದೆವು. ಒಣಗಿದ ಬೋರ್ಡೋದ ನೀಲಿಯೇ ಸಾಕ್ಷಿ ಹೇಳಿತು: ಎದುರಿನ ಮೈಯೆಲ್ಲ ನೀಲಿ, ಮರದ ಕಡೆಯ ಮೈ ಹಸಿರು, ತೊಟ್ಟಿನ ಸುತ್ತಲೂ ಹಸಿರು. ಕೊಳೆಯ ಮೊದಲ ಕಲೆ ಹೆಚ್ಚಾಗಿ ಕಾಣುವುದು ಆ ತೊಟ್ಟಿನ ಹತ್ತಿರವೇ!

ನೋಝಲನ್ನು ಸುಮಾರು 45 ಡಿಗ್ರಿ ಬಾಗಿಸಿ ಕಟ್ಟಿದೆವು. ಈಗ ಕೋಲನ್ನು ಗೊನೆಯ ಮೇಲಕ್ಕೆ ಒಯ್ದು ಕೆಳಮುಖವಾಗಿ, ಮತ್ತೆ ತಿರುಗಿಸಿ ಅಡಿಯಿಂದ ಬಿಡುವುದು. ಮರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ನಿಜ. ಆದರೆ ಮತ್ತೆ ಇಳಿಸಿದ ಗೊನೆಯಲ್ಲಿ ತೊಟ್ಟಿನವರೆಗೂ ನೀಲಿ ಇತ್ತು.

ಈಗ ನಾನು ಪಾಲಿಸುವುದು ಇಷ್ಟು. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸುವುದು. ಪ್ರತಿ ಸಲ ಮದ್ದು ಬಿಡುವ ಮೊದಲು ಬಕೆಟ್ ಪರೀಕ್ಷೆ, ಹೊಸದಕ್ಕಿಂತ ಶೇ. 10 ಹೆಚ್ಚು ಬಂದರೆ ನೋಝಲ್ ಬದಲು. ತೂತು ಕಟ್ಟಿದರೆ ಸೂಜಿ ಹಾಕುವುದಿಲ್ಲ, ಮೆತ್ತಗಿನ ಬ್ರಷ್ಷಿನಲ್ಲಿ ತೊಳೆಯುತ್ತೇನೆ.

ಬಿಡದೆ ಮಳೆ ಸುರಿದರೆ ಈಗಲೂ ಅಲ್ಲಿಲ್ಲಿ ಕೊಳೆ ಕಾಣುತ್ತದೆ. ಆದರೆ 2018ರ ಹಾಗೆ ಆಗಿಲ್ಲ. ನೋಝಲ್ ಸವೆಸಿದ್ದು ನಾನು, ಬೈಗುಳ ತಿಂದದ್ದು ಅವನು. ತಪ್ಪು ನನ್ನದೆಂದು ಅವನಿಗೆ ಹೇಳಿದ್ದೇನೆ. ನಿಮ್ಮ ನೋಝಲನ್ನೂ ಒಮ್ಮೆ ನೋಡಿ.