ಹರ್ನಿಯಾ ಆಪರೇಷನ್ ಆದ್ಮೇಲೆ: ದೋಹಾದ ರೂಮಿನಲ್ಲಿ ನೋವು ನಿಭಾಯಿಸೋದು ಹೇಗೆ?

ಹರ್ನಿಯಾ ಅಂದ್ರೆ ವಯಸ್ಸಾದವರ ಕಾಯಿಲೆ ಅಂತ ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಹೊಟ್ಟೆಯ ಗೋಡೆ ದುರ್ಬಲವಾಗಿರುವ ಜಾಗದಲ್ಲಿ ಒಳಗಿನ ಕೊಬ್ಬು ಅಥವಾ ಕರುಳಿನ ಭಾಗ ಹೊರಕ್ಕೆ ಉಬ್ಬಿಕೊಳ್ಳುವುದೇ ಹರ್ನಿಯಾ. ಗಂಡಸರಿಗೆ ತೊಡೆಸಂದಿನಲ್ಲಿ ಹೆಚ್ಚು, ಇಪ್ಪತ್ತರ ಹರೆಯದಲ್ಲೂ ಬರುತ್ತದೆ. ಆಪರೇಷನ್ ಮಾಡಿ ಬಹಳಷ್ಟು ಸಲ ಅದೇ ದಿನ ಮನೆಗೆ ಕಳಿಸುತ್ತಾರೆ. ಊರಲ್ಲಾದರೆ ಅಮ್ಮ ನೋಡಿಕೊಳ್ಳುತ್ತಾರೆ. ಇಲ್ಲಿ ಇರೋದು ನಾವು ಮತ್ತು ರೂಮ್‌ಮೇಟ್. ಹಾಗಾಗಿ ಕೆಲವು ವಿಷಯ ಮೊದಲೇ ತಿಳಿದಿದ್ದರೆ ಒಳ್ಳೆಯದು.

ನೋವು ಯಾಕೆ, ಎಷ್ಟು ದಿನ?

ಹಿಂದೆಲ್ಲ ದುರ್ಬಲ ಜಾಗದ ಎರಡೂ ಅಂಚನ್ನು ಎಳೆದು ಹೊಲಿಯುತ್ತಿದ್ದರು. ಆ ಎಳೆತದಿಂದ ನೋವೂ ಹೆಚ್ಚು, ಹರ್ನಿಯಾ ಮರುಕಳಿಸುವುದೂ ಹೆಚ್ಚು. 1980ರ ದಶಕದಲ್ಲಿ ಅಮೆರಿಕದ ಸರ್ಜನ್ ಇರ್ವಿಂಗ್ ಲಿಕ್ಟೆನ್‌ಸ್ಟೈನ್, ಪಾಲಿಪ್ರೊಪಿಲೀನ್ ಮೆಶ್ ಇಟ್ಟು ಎಳೆತವಿಲ್ಲದೆ ರಿಪೇರಿ ಮಾಡುವ ವಿಧಾನವನ್ನು ಜನಪ್ರಿಯಗೊಳಿಸಿದರು. ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಟೆನ್ಷನ್ ತೆಗೆದು ಲೋಡನ್ನು ಅಗಲಕ್ಕೆ ಹಂಚಿದರು. ಮೆಶ್‌ನೊಳಗೆ ಅಂಗಾಂಶ ಬೆಳೆದು ಗಟ್ಟಿಯಾಗಲು ಮಾತ್ರ ಕೆಲವು ವಾರ ಬೇಕು.

ಮೊದಲ ಎರಡು-ಮೂರು ದಿನ ನೋವು ಜಾಸ್ತಿ, ಆಮೇಲೆ ದಿನದಿನಕ್ಕೂ ಇಳಿಯಬೇಕು. ಲ್ಯಾಪರೊಸ್ಕೋಪಿ ಆದವರಿಗೆ ಭುಜ ನೋಯಬಹುದು. ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು ಕೆಣಕುವುದರಿಂದ ಹಾಗಾಗುತ್ತದೆ, ಗಾಬರಿ ಬೇಡ. ತೊಡೆಸಂದು, ವೃಷಣದ ಚೀಲ ಸ್ವಲ್ಪ ನೀಲಿಗಟ್ಟಿ ಊದುವುದೂ ಸಾಮಾನ್ಯ.

ಮಾತ್ರೆ ಗಡಿಯಾರ ನೋಡಿ ನುಂಗಿ

ನೋವು ಜೋರಾದ್ಮೇಲೆ ನುಂಗೋಣ ಅಂತ ಕಾಯಬೇಡಿ. ಡಾಕ್ಟರ್ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಬರೆದಿದ್ದರೆ ಮೊದಲ ಕೆಲವು ದಿನ ಹೇಳಿದ ಹೊತ್ತಿಗೆ ತಗೊಳ್ಳಿ. ಎರಡೂ ಬೇರೆ ಬೇರೆ ರೀತಿ ಕೆಲಸ ಮಾಡುವುದರಿಂದ ಜೊತೆಯಾದರೆ ಪರಿಣಾಮ ಹೆಚ್ಚು. ಐಬುಪ್ರೊಫೆನ್ ಊಟದ ನಂತರ ನುಂಗಿ. ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ.

ಎಡವಟ್ಟಾಗೋದು ಹೆಸರುಗಳಲ್ಲಿ. ಇಲ್ಲಿನ ಪನಡಾಲ್, ಬೆಂಗಳೂರಿನ ಮೈಕ್ರೊ ಲ್ಯಾಬ್ಸ್‌ನ ಡೋಲೊ 650, ಎರಡೂ ಪ್ಯಾರಾಸಿಟಮಾಲೇ. ಕಾಂಬಿಫ್ಲಾಮ್‌ನಲ್ಲೂ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ. ಆರೋಗ್ಯವಂತ ವಯಸ್ಕರಿಗೆ ಎಲ್ಲಾ ಸೇರಿ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಮೀರಿದರೆ ಪೆಟ್ಟು ಬೀಳೋದು ಲಿವರ್‌ಗೆ.

ಊರಿನ ಮಾತ್ರೆ, ಇಲ್ಲಿನ ಕಾನೂನು

"ಊರಿಂದ ಬರೋರ ಕೈಲಿ ಸ್ಟ್ರಾಂಗ್ ಮಾತ್ರೆ ತರಿಸೋಣ" ಅನ್ನೋ ಸಲಹೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಊರಲ್ಲಿ ನೋವಿಗೆ ಬರೆದುಕೊಡುವ ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಇದೆ. ಟ್ರಮಡಾಲ್, ಕೋಡೀನ್, ಪ್ರೆಗಾಬಲಿನ್ ಇವೆಲ್ಲ ಕತಾರಿನಲ್ಲಿ ನಿಯಂತ್ರಿತ ಔಷಧಗಳು. ಇಂಥವನ್ನು ತರಬೇಡಿ ಎಂದು ದೋಹಾದ ಭಾರತೀಯ ರಾಯಭಾರ ಕಚೇರಿಯೇ ಎಚ್ಚರಿಸಿದೆ. ಬ್ಯಾಗಿನಲ್ಲಿ ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗಬಹುದು, ಸಿಕ್ಕಿಬೀಳುವುದು ಪಾಪ ತಂದುಕೊಟ್ಟವರು. ನೋವು ತಡೆಯೋಕಾಗದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೇಳಿ. ಬೇಕಾದ ಮಾತ್ರೆಯನ್ನು ಅವರೇ ಬರೆದುಕೊಡುತ್ತಾರೆ. ಚೀಟಿಯನ್ನು ಜೋಪಾನವಾಗಿಡಿ, ಉಳಿದ ಮಾತ್ರೆ ಯಾರಿಗೂ ಕೊಡಬೇಡಿ.

ಇನ್ನೊಂದು ವಿಷಯ. ಟ್ರಮಡಾಲ್, ಕೋಡೀನ್ ಮಲಬದ್ಧತೆ ತರುತ್ತವೆ. ಮುಕ್ಕಿದರೆ ಹೊಲಿಗೆಯ ಜಾಗಕ್ಕೇ ಒತ್ತಡ. ಅಂದರೆ ಬೇಡದಿದ್ದರೂ ನುಂಗಿದ ಸ್ಟ್ರಾಂಗ್ ಮಾತ್ರೆ ನೋವನ್ನೇ ಹೆಚ್ಚಿಸಬಹುದು.

ಮಾತ್ರೆ ಇಲ್ಲದೆ ನೋವು ತಗ್ಗಿಸುವ ದಾರಿ

ನೇರವಾಗಿ ಎದ್ದು ಕೂರಬೇಡಿ. ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಕೆಮ್ಮು, ಸೀನು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಹತ್ತು-ಹದಿನೈದು ನಿಮಿಷ ಇಡಬಹುದು. ನೀರು, ಹಣ್ಣು, ತರಕಾರಿ, ಖರ್ಜೂರ ಚೆನ್ನಾಗಿ ತಿನ್ನಿ. ಮಲಗೇ ಇರಬೇಡಿ, ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ನಡೆಯಿರಿ. ಬೇಸಿಗೆಯಾದರೆ ಕಾರಿಡಾರಿನಲ್ಲೋ ಮಾಲ್‌ನಲ್ಲೋ ಓಡಾಡಿದರೂ ಸಾಕು.

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ನಿಮಗೆ ಎಷ್ಟು ದಿನ ಅನ್ನೋದನ್ನು ಸರ್ಜನ್ ಹೇಳುತ್ತಾರೆ. ರೂಮಿಗೆ ತರಿಸುವ ಐದು ಗ್ಯಾಲನ್ ನೀರಿನ ಕ್ಯಾನ್ ಸುಮಾರು 19 ಕೆ.ಜಿ. ಅದನ್ನು ರೂಮ್‌ಮೇಟ್ ಎತ್ತಲಿ.

ಇಲ್ಲಿ ಕಂಪನಿ ಕೆಲಸದಲ್ಲಿರುವ ಅಣ್ಣನಿಗೋ ಮಾವನಿಗೋ ಆಪರೇಷನ್ ಆದರೆ ಇದನ್ನೂ ಹೇಳಿ. ಮೂರು ತಿಂಗಳ ಸರ್ವಿಸ್ ಮುಗಿದವರಿಗೆ, ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ, ಕತಾರಿನ 2004ರ ಕಾರ್ಮಿಕ ಕಾನೂನು ಎರಡು ವಾರ ಪೂರ್ತಿ ಸಂಬಳದ ಮತ್ತು ಮುಂದಿನ ನಾಲ್ಕು ವಾರ ಅರ್ಧ ಸಂಬಳದ ಸಿಕ್ ಲೀವ್ ಕೊಡುತ್ತದೆ. ಸಂಬಳ ಹೋಗುತ್ತೆ ಅಂತ ಹೆದರಿ ವಾರದಲ್ಲೇ ಭಾರ ಎತ್ತೋಕೆ ಹೋಗಬೇಕಿಲ್ಲ.

ಯಾವಾಗ ಆಸ್ಪತ್ರೆಗೆ?

- 38 ಡಿಗ್ರಿ ಮೀರಿದ ಜ್ವರ. ಗಾಯದಲ್ಲಿ ಕೀವು, ಹರಡುವ ಕೆಂಪು
- ಮೂತ್ರ ಕಟ್ಟಿಕೊಂಡರೆ
- ಇಳಿಯಬೇಕಾದ ನೋವು ಏರುತ್ತಾ ಹೋದರೆ
- ನಿಲ್ಲದ ವಾಂತಿ, ಹೊಟ್ಟೆ ಉಬ್ಬರ
- ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ

ಉಸಿರಾಟದ ತೊಂದರೆಯಂಥ ತುರ್ತು ಇದ್ದರೆ ಕೂಡಲೇ 999ಕ್ಕೆ ಫೋನ್ ಮಾಡಿ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳಾದರೂ ನೋವು ಉಳಿಯಬಹುದು. ಅಂಥವರು ಹಲ್ಲುಕಚ್ಚಿ ಸಹಿಸದೆ ಸರ್ಜನ್ನನ್ನು ಮತ್ತೆ ಕಾಣಬೇಕು.

ಹೆಚ್ಚಿನವರಿಗೆ ಸಾದಾ ಮಾತ್ರೆ, ನಡಿಗೆ, ಸ್ವಲ್ಪ ತಾಳ್ಮೆ ಸಾಕು. ಊರಿಂದ ಬರೋರ ಬ್ಯಾಗಿನಲ್ಲಿ ಅಮ್ಮ ಮಾಡಿದ ಚಟ್ನಿಪುಡಿ ಬರಲಿ, ನೋವಿನ ಮಾತ್ರೆ ಬೇಡ.