ಎಲೆಕ್ಟ್ರಾನ್ ಸೂಕ್ಷ್ಮದರ್ಶಕೀಯ ಕೋಶರಸಾಯನ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕೀಯ ಕೋಶರಸಾಯನ ಎಂಬುದು ಜೀವಕೋಶದೊಳಗೆ ಒಂದು ಕಿಣ್ವ ಅಥವಾ ರಾಸಾಯನಿಕ ಸಂಯುಕ್ತವು ಯಾವ ಭಾಗದಲ್ಲಿದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸುವ ತಂತ್ರಗಳ ಸಮೂಹವಾಗಿದೆ. ಈ ವಿಷಯದ ಬಹಳಷ್ಟು ಸಂಗತಿಗಳನ್ನು ತಂಬಾಕು ಮತ್ತು ಕಬ್ಬಿನ ಎಲೆಗಳ ಮೂಲಕವೇ ವಿವರಿಸಬಹುದು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೂ, ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕಬ್ಬಿಗೂ ಹೆಸರಾಗಿವೆ. ಇಲ್ಲಿ ಹೇಳಿದ ಸಂಶೋಧನೆಗಳು ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ನಡೆದವಾದರೂ ಸಸ್ಯಗಳು ಅವೇ.

ಅಗತ್ಯ

ಎಲೆಯನ್ನು ಅರೆದು ರಸ ತೆಗೆದರೆ ಅದರಲ್ಲಿ ಯಾವ ಕಿಣ್ವ ಎಷ್ಟಿದೆ ಎಂದು ಅಳೆಯಬಹುದು. ಆದರೆ ಅರೆದೊಡನೆ ಕೋಶದ ಒಳಗೋಡೆಗಳೆಲ್ಲ ಒಡೆದು, ಯಾವುದು ಎಲ್ಲಿತ್ತೆಂಬ ಸಂಗತಿ ಅಳಿಸಿಹೋಗುತ್ತದೆ. ಬೆಳಕಿನ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬಿಡಿಸಿ ತೋರಿಸಲಾರದು. 1931ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕ ರೂಪಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಮುಂದೆ ಈ ಮಿತಿಯನ್ನು ದಾಟಿತು. ಆದರೆ ಅದು ಕೊಡುವುದು ಕಪ್ಪು-ಬಿಳುಪಿನ ನೆರಳುಚಿತ್ರವನ್ನು ಮಾತ್ರ. ಭಾರವಾದ ಪರಮಾಣುಗಳಿರುವ ಜಾಗ ಕಪ್ಪಾಗಿ ಕಾಣುತ್ತದೆ. ಇಂಗಾಲ, ಜಲಜನಕಗಳಿಂದಾದ ಕಿಣ್ವಕ್ಕೆ ಪ್ರತ್ಯೇಕ ಚಹರೆಯೇ ಇರುವುದಿಲ್ಲ. ಆದ್ದರಿಂದ ಕಿಣ್ವವಿರುವ ಸ್ಥಳದಲ್ಲೇ ಸೀಸ, ಆಸ್ಮಿಯಂ ಅಥವಾ ಚಿನ್ನದಂತಹ ಭಾರಲೋಹವನ್ನು ಉಳಿಸುವುದು ಈ ತಂತ್ರಗಳ ಮೂಲತತ್ತ್ವ.

ಕಿಣ್ವದ ಕ್ರಿಯೆಯ ಮೂಲಕ ಗುರುತಿಸುವುದು

ಜಾರ್ಜ್ ಗೊಮೊರಿ ಬೆಳಕಿನ ಸೂಕ್ಷ್ಮದರ್ಶಕಕ್ಕಾಗಿ ರೂಪಿಸಿದ್ದ ಆಮ್ಲ ಫಾಸ್ಫಟೇಸ್ ವಿಧಾನವು ಇದಕ್ಕೆ ದಾರಿ ತೋರಿತು. ಕಿಣ್ವವು ಬಿಡುಗಡೆ ಮಾಡಿದ ಫಾಸ್ಫೇಟನ್ನು ದ್ರಾವಣದಲ್ಲಿರುವ ಸೀಸವು ಅಲ್ಲಿಯೇ ಹಿಡಿದು ಕರಗದ ಗಸಿಯಾಗಿಸುತ್ತದೆ. ತೊಡಕಿದ್ದುದು ಕೋಶದ ರಚನೆಯನ್ನು ಸ್ಥಿರಗೊಳಿಸುವ ಹಂತದಲ್ಲಿ. ರಚನೆಯನ್ನು ಚೆನ್ನಾಗಿ ಉಳಿಸುವ ಆಸ್ಮಿಯಂ ಟೆಟ್ರಾಕ್ಸೈಡ್ ಬಹುತೇಕ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ. 1963ರಲ್ಲಿ ಸಬಟೀನಿ, ಬೆನ್ಷ್ ಮತ್ತು ಬಾರ್ನೆಟ್ ಪರಿಚಯಿಸಿದ ಗ್ಲುಟರಾಲ್ಡಿಹೈಡ್ ಎರಡನ್ನೂ ತಕ್ಕಮಟ್ಟಿಗೆ ಉಳಿಸಿತು. ಆಮೇಲೆ ಆಸ್ಮಿಯಂ ಅನ್ನು ಕೊನೆಯ ಹಂತಕ್ಕೆ ಸರಿಸಲಾಯಿತು. 1966ರಲ್ಲಿ ಗ್ರಹಾಂ ಮತ್ತು ಕಾರ್ನೋವ್‌ಸ್ಕಿ ಡೈಅಮಿನೊಬೆಂಜಿಡೀನ್ ವಿಧಾನವನ್ನು ಪ್ರಕಟಿಸಿದರು. ಪೆರಾಕ್ಸಿಡೇಸ್ ಕಿಣ್ವವು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಈ ವಸ್ತುವನ್ನು ಉತ್ಕರ್ಷಿಸಿದಾಗ ಹುಟ್ಟುವ ಕಂದು ಗಸಿಗೆ ಆಸ್ಮಿಯಂ ಅಂಟಿ ಗಾಢ ಕಪ್ಪಾಗುತ್ತದೆ.

ತಂಬಾಕಿನ ಎಲೆಯ ಪ್ರಯೋಗ

ಹಸಿರೆಲೆಯ ಕೋಶಗಳಲ್ಲಿ ಒಂಟಿ ಪೊರೆಯ ಸಣ್ಣ ಕಣಗಳು ಚಿತ್ರಗಳಲ್ಲಿ ಕಾಣುತ್ತಿದ್ದವು. ಇತ್ತ ಜೀವರಸಾಯನಜ್ಞರು ಅರೆದ ಎಲೆಯಿಂದ ಕ್ಯಾಟಲೇಸ್ ತುಂಬಿದ ಪೆರಾಕ್ಸಿಸೋಮ್‌ಗಳನ್ನು ಬೇರ್ಪಡಿಸಿದ್ದರು. ಎರಡೂ ಒಂದೇ ಎಂದು ಹೇಳಲು ಪುರಾವೆ ಬೇಕಿತ್ತು. 1969ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಯೂ ಎಲೆನ್ ಫ್ರೆಡರಿಕ್ ಮತ್ತು ಎಲ್ಡನ್ ನ್ಯೂಕೂಂಬ್ ಬಲಿತ ತಂಬಾಕಿನ ಎಲೆಯ ತುಣುಕುಗಳನ್ನು ಡೈಅಮಿನೊಬೆಂಜಿಡೀನ್ ದ್ರಾವಣದಲ್ಲಿಟ್ಟು ಪರೀಕ್ಷಿಸಿದರು. ಕೋಶದ ಅಂಗಕಗಳಲ್ಲಿ ಆ ಕಣಗಳು ಮಾತ್ರ ಕಪ್ಪಾದವು.

ಚಿತ್ರಕ್ಕಿಂತ ಮುಖ್ಯವಾದುದು ಅದರೊಂದಿಗಿದ್ದ ನಿಯಂತ್ರಣ ಪ್ರಯೋಗ. ಕ್ಯಾಟಲೇಸನ್ನು ತಡೆಯುವ ಅಮಿನೊಟ್ರೈಅಜೋಲ್ ಬೆರೆಸಿದಾಗ ಕಣಗಳು ಕಪ್ಪಾಗುವುದು ಸಂಪೂರ್ಣ ನಿಂತಿತು. ಆದರೆ ಎಲೆಯ ತುಣುಕು ಒಟ್ಟಾರೆ ಕಂದು ಬಣ್ಣಕ್ಕೆ ತಿರುಗುವುದು ಅದರಿಂದ ನಿಲ್ಲಲಿಲ್ಲ. ಸಯನೈಡ್ ಅದನ್ನು ತಡೆಯಿತು. ಅಂದರೆ ಕಣ್ಣಿಗೆ ಕಾಣುವ ಕಂದು ಬಣ್ಣ ಬೇರೆ ಪೆರಾಕ್ಸಿಡೇಸ್‌ಗಳ ಕೆಲಸವಾಗಿತ್ತು. ಬರಿಗಣ್ಣಿನ ಬಣ್ಣವನ್ನೇ ನಂಬಿದ್ದರೆ ತೀರ್ಮಾನ ತಪ್ಪುತ್ತಿತ್ತು. ಇಂತಹ ನಿಯಂತ್ರಣವಿಲ್ಲದ ಕೋಶರಸಾಯನ ಚಿತ್ರಕ್ಕೆ ಪುರಾವೆಯ ಬೆಲೆ ಇಲ್ಲ.

ಪ್ರತಿಕಾಯ ಮತ್ತು ಚಿನ್ನದ ಕಣ

ಕ್ರಿಯೆಯಿಂದ ಗಸಿ ಹುಟ್ಟಿಸಲಾಗದ ಕಿಣ್ವಗಳಿಗೆ ಪ್ರತಿಕಾಯಗಳನ್ನು ಬಳಸಲಾಗುತ್ತದೆ. 1959ರಲ್ಲಿ ಎಸ್. ಜೆ. ಸಿಂಗರ್ ಪ್ರತಿಕಾಯಕ್ಕೆ ಕಬ್ಬಿಣಯುಕ್ತ ಫೆರಿಟಿನ್ ಜೋಡಿಸಿದರು. 1971ರಲ್ಲಿ ಫಾಕ್ ಮತ್ತು ಟೇಲರ್ ಚಿನ್ನದ ಕಣಗಳನ್ನು ಬಳಸಿದರು. ದುಂಡಗೆ ಕಪ್ಪಾಗಿ ಕಾಣುವ ಈ ಕಣಗಳನ್ನು ಎಣಿಸಲೂ ಬಹುದು.

ಕಬ್ಬಿನ ವಿಷಯದಲ್ಲಿ ಸ್ಥಾನದ ಪ್ರಶ್ನೆ ಬಹಳ ಮುಖ್ಯ. ಕಬ್ಬು ಸಿ4 ಮಾದರಿಯ ದ್ಯುತಿಸಂಶ್ಲೇಷಣೆಯ ಸಸ್ಯ. 1966ರಲ್ಲಿ ಹ್ಯಾಚ್ ಮತ್ತು ಸ್ಲಾಕ್ ವಿವರಿಸಿದ ಈ ಮಾರ್ಗದಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಹಿಡಿಯುವ ಪೆಪ್ ಕಾರ್ಬಾಕ್ಸಿಲೇಸ್ ಪತ್ರಮಧ್ಯದ ಕೋಶಗಳಲ್ಲಿರುತ್ತದೆ. ಸಕ್ಕರೆ ತಯಾರಿಕೆಗೆ ಅದನ್ನು ಸೇರಿಸುವ ರುಬಿಸ್ಕೊ ಕಿಣ್ವವಿರುವುದು ಎಲೆಯ ನರವನ್ನು ಸುತ್ತುವರಿದ ಕವಚಕೋಶಗಳ ಕ್ಲೋರೊಪ್ಲಾಸ್ಟ್‌ಗಳಲ್ಲಿ. ಎರಡೂ ಒಂದೇ ಕೋಶದಲ್ಲಿದ್ದರೆ ರುಬಿಸ್ಕೊ ಸುತ್ತ ಡೈಆಕ್ಸೈಡ್ ದಟ್ಟವಾಗುವ ಅನುಕೂಲವೇ ಇರುತ್ತಿರಲಿಲ್ಲ. ರುಬಿಸ್ಕೊ ವಿರುದ್ಧದ ಪ್ರತಿಕಾಯ ಬಳಸಿದಾಗ ಇಂತಹ ಸಸ್ಯಗಳಲ್ಲಿ ಚಿನ್ನದ ಕಣಗಳು ಕವಚಕೋಶಗಳಲ್ಲೇ ದಟ್ಟವಾಗಿ ಕಾಣುತ್ತವೆ.

ಸಣ್ಣ ಸಂಯುಕ್ತಗಳು ಮತ್ತು ಮಿತಿಗಳು

ನಿಕೋಟಿನ್, ಸುಕ್ರೋಸ್‌ಗಳಂತಹ ನೀರಿನಲ್ಲಿ ಕರಗುವ ಸಣ್ಣ ಅಣುಗಳು ತೊಳೆಯುವ ಹಂತಗಳಲ್ಲೇ ಹರಿದುಹೋಗುತ್ತವೆ. ಇವುಗಳ ನೆಲೆಯನ್ನು ಹಲವೊಮ್ಮೆ ಪರೋಕ್ಷವಾಗಿ ತಿಳಿಯಬೇಕಾಗುತ್ತದೆ. ನಿಕೋಟಿನ್ ತಯಾರಾಗುವುದು ತಂಬಾಕಿನ ಬೇರಿನಲ್ಲಿ. ಅದನ್ನು ರಸದಾನಿಯೊಳಕ್ಕೆ ಸಾಗಿಸುತ್ತವೆ ಎನ್ನಲಾದ ಎರಡು ಪ್ರೋಟೀನ್‌ಗಳು ಬೇರಿನ ಕೋಶಗಳ ರಸದಾನಿಯ ಪೊರೆಯಲ್ಲಿವೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ಚಿನ್ನದ ಕಣಗಳ ವಿಧಾನವೂ ಸೇರಿದಂತೆ ಹಲವು ವಿಧಾನಗಳಿಂದ ತೋರಿಸಿದರು. ಧಾತುಗಳನ್ನು ಗುರುತಿಸಲು ಕ್ಷ-ಕಿರಣ ವಿಶ್ಲೇಷಣೆ ಉಪಯುಕ್ತ. ಕಬ್ಬಿನ ಎಲೆಯ ಹೊರಪದರದಲ್ಲಿರುವ ಸಿಲಿಕಾವನ್ನು ಹೀಗೆ ಪತ್ತೆಹಚ್ಚಬಹುದು.

ಗಸಿಯು ಹುಟ್ಟಿದ ಜಾಗದಿಂದ ಸರಿದು ಬೇರೆಡೆ ಕೂರಬಹುದು. ಚಿನ್ನದ ಕಣವೂ ಪ್ರತಿಕಾಯದ ಉದ್ದದಷ್ಟು ದೂರದಲ್ಲಿರುತ್ತದೆ. ಸಸ್ಯಗಳಲ್ಲಿ ಮೇಣದ ಹೊದಿಕೆ ಮತ್ತು ಕೋಶಭಿತ್ತಿ ದ್ರಾವಣಗಳನ್ನು ತಡೆಯುವುದರಿಂದ, ಗಿಡದಿಂದ ಕಿತ್ತ ಹಸಿ ಎಲೆಯನ್ನು ಕೂಡಲೇ ಸುಮಾರು ಒಂದು ಮಿಲಿಮೀಟರಿನ ತುಣುಕುಗಳಾಗಿಸಿ ಗ್ಲುಟರಾಲ್ಡಿಹೈಡ್‌ನಲ್ಲಿ ಮುಳುಗಿಸಬೇಕಾಗುತ್ತದೆ. ಮಾರುಕಟ್ಟೆಗೆ ಬರುವ ಒಣಗಿಸಿ ಹದಮಾಡಿದ ತಂಬಾಕಿನಲ್ಲಿ ಕೋಶಗಳು ಸತ್ತು ಒಳರಚನೆ ಕುಸಿದಿರುವುದರಿಂದ ಅದು ಈ ಅಧ್ಯಯನಕ್ಕೆ ಬರುವುದಿಲ್ಲ.